ಹಳೇ ಸ್ಟೀಲ್ ಚಮಚ, ಫೋರ್ಕ್, ಚಾಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಇಂಗ್ಲೆಂಡಿನಲ್ಲಿ, ಉಕ್ಕು, ಚಾಕುಗಳಿಗೆ ಹೆಸರಾದ ಶೆಫೀಲ್ಡ್‌ನಿಂದ ಅರ್ಧ ಗಂಟೆ ದೂರದ ಒಂದು ಸಣ್ಣ ಊರಲ್ಲಿ. ಬಂದ ಹೊಸದರಲ್ಲಿ ಮನೆಗೆ ಅಂತ ಚಾರಿಟಿ ಅಂಗಡಿಯೊಂದರಲ್ಲಿ (ದಾನ ಬಂದ ಹಳೇ ಸಾಮಾನು ಮಾರುವ ಅಂಗಡಿ) ಎರಡು ಚಮಚ ಕೊಂಡೆ. ಅಲ್ಲಿಂದ ಹಿಡಿದ ಹುಚ್ಚು. ಈಗ ಮೂರು ಡ್ರಾಯರ್ ತುಂಬಿದೆ, ಹೆಚ್ಚಿನವು ‘ಮಿಡ್-ಸೆಂಚುರಿ’, ಅಂದರೆ ಇಪ್ಪತ್ತನೇ ಶತಮಾನದ ನಡುಭಾಗದ ಸ್ಟೀಲ್ ಮಾಲು. ಮನೆಗೆ ಬಂದವರು, ಫೋಟೋ ಕಳಿಸಿ "ಇದು ಯಾವುದು, ಸ್ವಲ್ಪ ನೋಡಿ ಹೇಳಿ" ಅನ್ನುವವರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಒಂದು ಕಡೆ ಬರೆದಿಟ್ಟರೆ ಅವರಿಗೂ ಸುಲಭ, ನನಗೂ ಸುಲಭ.

‘ಮಿಡ್-ಸೆಂಚುರಿ’ ಅಂದರೆ ಯಾವ ಕಾಲ?

ಎರಡನೇ ಮಹಾಯುದ್ಧ ಮುಗಿದ 1945ರಿಂದ ಸುಮಾರು 1970ರ ತನಕ. ಇದಕ್ಕೆ ಗೆರೆ ಎಳೆದವರು ಯಾರೂ ಇಲ್ಲ. 1938ರಲ್ಲಿ ಡೆನ್ಮಾರ್ಕಿನ ಕಾಯ್ ಬಾಯ್‌ಸನ್ ಮಾಡಿದ ಒಂದು ಚಮಚ-ಫೋರ್ಕಿನ ವಿನ್ಯಾಸ 1951ರಲ್ಲಿ ಮಿಲಾನ್ ಪ್ರದರ್ಶನದಲ್ಲಿ ಗ್ರಾಂ ಪ್ರೀ ಬಹುಮಾನ ಗೆದ್ದಿತು. ಆಮೇಲೆ ಅದಕ್ಕೆ ‘ಗ್ರಾಂ ಪ್ರೀ’ ಅನ್ನುವ ಹೆಸರೇ ಉಳಿಯಿತು. ಹುಟ್ಟಿದ್ದು ಯುದ್ಧಕ್ಕೆ ಮುಂಚೆ ಆದರೂ ಎಲ್ಲರೂ ಅದನ್ನು ಇದೇ ಗುಂಪಿಗೆ ಸೇರಿಸುತ್ತಾರೆ. ಹಾಗಾಗಿ ಇಸವಿಗಿಂತ ರೂಪ ನೋಡಿ. ಹೂಬಳ್ಳಿ ಇಲ್ಲ, ಸುರುಳಿ ಇಲ್ಲ, ಮೈ ನುಣುಪು, ಗೆರೆ ಉದ್ದ. ಅದೇ ಆ ಕಾಲದ ಚಹರೆ.

ಸ್ಟೀಲ್ ಚಮಚದಲ್ಲಿ ಕೂಡಿಡುವಂಥದ್ದು ಏನಿದೆ?

ಇದೇ ಪ್ರಶ್ನೆಯನ್ನು ಅಮ್ಮ ಕೇಳಿದ್ದರು. ಎರಡು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಒಂದು ಫೋರ್ಕನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಇದಕ್ಕೆ ದುಡ್ಡು ಕೊಟ್ಟೆಯೇನೇ? ನಮ್ಮೂರಲ್ಲಿ ಸ್ಟೀಲು ಕೆಜಿ ಲೆಕ್ಕದಲ್ಲಿ ಕೊಡ್ತಾರೆ."

ಅಮ್ಮ ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾವು ಬೆಳೆದಿದ್ದೇ ತೂಕದ ಲೆಕ್ಕದಲ್ಲಿ. ಬಂಗಾರ, ಬೆಳ್ಳಿ, ಹಿತ್ತಾಳೆ, ತಾಮ್ರ, ಕೊನೆಗೆ ಹಳೇ ಸ್ಟೀಲ್ ಡಬ್ಬಿ ಕೂಡ ಗುಜರಿಯವನ ತಕ್ಕಡಿಗೆ ಹೋಗುತ್ತೆ. ಈ ಚಮಚಗಳನ್ನು ತಕ್ಕಡಿಗೆ ಹಾಕಿದರೆ ಏನೂ ಗಿಟ್ಟುವುದಿಲ್ಲ. ಇಲ್ಲಿ ಬೆಲೆ ಇರುವುದು ಲೋಹಕ್ಕಲ್ಲ, ಕೆಲಸಕ್ಕೆ.

ಆ ಕೆಲಸ ಕಣ್ಣಿಗೆ ಬೀಳಬೇಕಾದರೆ ಚಮಚ ಹೇಗೆ ಆಗುತ್ತೆ ಅಂತ ಸ್ವಲ್ಪ ಗೊತ್ತಿರಬೇಕು. ಮೊದಲು ತಗಡಿನಿಂದ ಒಂದು ಉದ್ದನೆ ಬಿಲ್ಲೆ ಕತ್ತರಿಸುತ್ತಾರೆ. ಅದನ್ನು ರೋಲರ್‌ಗಳ ನಡುವೆ ಹಾಯಿಸಿ ಬಟ್ಟಲು ಬರುವ ಕಡೆ ತೆಳ್ಳಗೆ, ಅಗಲವಾಗಿ ಮಾಡುತ್ತಾರೆ. ಬಟ್ಟಲಿಗೂ ಹಿಡಿಗೂ ನಡುವಿನ ಕತ್ತು ಮಾತ್ರ ದಪ್ಪಗೆ ಉಳಿಯಬೇಕು, ಬಾಗುವುದು ಅಲ್ಲೇ ಅಲ್ವಾ. ಆಮೇಲೆ ಆಕಾರಕ್ಕೆ ಕತ್ತರಿಸಿ, ಫೋರ್ಕಿಗೆ ಮುಳ್ಳು ಕೊರೆದು, ಅಚ್ಚಿನಲ್ಲಿ ಒತ್ತಿ, ಅಂಚು ಉಜ್ಜಿ, ಪಾಲಿಶ್ ಕೊಡುತ್ತಾರೆ. ಅಗ್ಗದ ಮಾಲು ಮಾಡುವವರು ರೋಲರ್ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಆಗ ಚಮಚ ತುದಿಯಿಂದ ಬುಡದ ತನಕ ಒಂದೇ ದಪ್ಪ. ಬಾಯಿಗಿಟ್ಟರೆ ಅಂಚು ತುಟಿಗೆ ಒತ್ತುತ್ತೆ.

ಈಗ ಒಂದು ಫೋರ್ಕ್ ತೆಗೆದುಕೊಳ್ಳಿ. ಕಿಟಕಿ ಬೆಳಕಿಗೆ ಹಿಡಿದು ಎರಡು ಮುಳ್ಳುಗಳ ನಡುವೆ ನೋಡಿ. ಒಳಗಿನ ಗೋಡೆ ಹೊರಗಿನ ಮೈಯಷ್ಟೇ ನುಣುಪಾಗಿದೆಯಾ? ಅಥವಾ ಕತ್ತರಿಸಿದಾಗಿನ ಒರಟು ಗೀರು ಹಾಗೇ ಇದೆಯಾ? ಆ ಸಂದಿಗೆ ಪಾಲಿಶ್ ಕೊಡುವುದಕ್ಕೆ ಸಮಯ ಬೇಕು, ಕೈ ಬೇಕು. ಖರ್ಚು ಉಳಿಸುವವರು ಮೊದಲು ಕೈಬಿಡುವುದು ಅದನ್ನೇ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ. ಹಿಂಭಾಗದಲ್ಲಿ ಒತ್ತಿರುವ ಮುದ್ರೆ ನೋಡುವುದೂ ಆಮೇಲೆ.

ಶೆಫೀಲ್ಡ್‌ನಲ್ಲಿ ಈ ಪಾಲಿಶ್ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ‘ಬಫರ್ ಗರ್ಲ್ಸ್’ ಅನ್ನುತ್ತಿದ್ದರು. ಎಣ್ಣೆ ಮರಳಿನ ಮಸಿ ಮೈಗೆ ಹಾರದಿರಲಿ ಅಂತ ಬಟ್ಟೆ ಮೇಲೆ ಕಾಗದ ಸುತ್ತಿಕೊಂಡು, ತಲೆಗೆ ವಸ್ತ್ರ ಕಟ್ಟಿಕೊಂಡು, ತಿರುಗುವ ಚಕ್ರದ ಮುಂದೆ ಇಡೀ ದಿನ ಕೆಲಸ ಮಾಡುತ್ತಿದ್ದರು. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಫೋರ್ಕನ್ನು ಇನ್ನೊಂದು ಸಲ ತಿರುಗಿಸಿ ನೋಡಿದರು. "ಸರಿ, ಕೆಲಸ ಚೆನ್ನಾಗಿದೆ. ಆದ್ರೂ ಜಾಸ್ತಿ ಆಯ್ತು" ಅಂದರು.

ಸ್ಟೀಲ್ ಚಮಚ ಅಷ್ಟು ಹಳೇದಾ? ಅದಕ್ಕೆ ಮುಂಚೆ ಏನಿತ್ತು?

ಇದ್ದವರಿಗೆ ಬೆಳ್ಳಿ, ಉಳಿದವರಿಗೆ ಬೆಳ್ಳಿ ಲೇಪದ್ದು, ತೀರಾ ಇಲ್ಲದವರಿಗೆ ತವರ. ಚಾಕುವಿನ ಅಲಗು ಮಾತ್ರ ಸಾದಾ ಉಕ್ಕು. ನಿಂಬೆರಸ ತಾಗಿದರೆ ಕಪ್ಪಾಗುತ್ತಿತ್ತು, ಒದ್ದೆ ಬಿಟ್ಟರೆ ತುಕ್ಕು.

1913ರಲ್ಲಿ ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಿರಲಿ ಅಂತ ಹೊಸ ಉಕ್ಕು ಹುಡುಕುತ್ತಿದ್ದರು. ಸುಮಾರು 12.8% ಕ್ರೋಮಿಯಂ ಹಾಕಿದ ಒಂದು ಉಕ್ಕು ಆಮ್ಲಕ್ಕೂ ಜಗ್ಗಲಿಲ್ಲ. ಅವರು ಅದನ್ನು ‘ತುಕ್ಕಿಲ್ಲದ ಉಕ್ಕು’ ಅಂತ ಕರೆದರು. ಅದೇ ಊರಿನ ಚಾಕು ಕಾರ್ಖಾನೆಯ ಅರ್ನೆಸ್ಟ್ ಸ್ಟುವರ್ಟ್ ವಿನಿಗರ್ ಹಾಕಿ ನೋಡಿ ‘ಸ್ಟೇನ್‌ಲೆಸ್’ ಅಂದರು. ಆ ಹೆಸರೇ ನಿಂತಿತು. ಮೊದಮೊದಲ ಚಾಕುಗಳು ಮೊಂಡಾಗಿದ್ದವು. ‘ಕತ್ತರಿಸದ ಚಾಕು ಕಂಡುಹಿಡಿದವನು’ ಅಂತ ಬ್ರಿಯರ್ಲಿಯನ್ನು ಊರವರೇ ಆಡಿಕೊಂಡರಂತೆ. ಅದೇ ಹೊತ್ತಿಗೆ ಜರ್ಮನಿಯ ಕ್ರುಪ್ ಕಂಪನಿಯಲ್ಲಿ ಕ್ರೋಮಿಯಂ ಜೊತೆ ನಿಕ್ಕಲ್ ಸೇರಿಸಿದ ಉಕ್ಕು ತಯಾರಾಗುತ್ತಿತ್ತು. ಚಮಚ, ಫೋರ್ಕಿಗೆ ಹೊಂದಿಕೊಂಡಿದ್ದು ಆ ಜಾತಿಯದ್ದು.

ಆದರೂ 1940ರ ತನಕ ಸ್ಟೀಲ್ ಅಂದರೆ ಬೆಳ್ಳಿಯ ಬಡ ತಂಗಿ. ಬೆಳ್ಳಿಯ ವಿನ್ಯಾಸವನ್ನೇ ಸ್ಟೀಲಿನಲ್ಲಿ ಒತ್ತುತ್ತಿದ್ದರು. ಯುದ್ಧದ ನಂತರ ಮನೆಗಳಲ್ಲಿ ಆಳುಗಳಿಲ್ಲ, ವಾರಕ್ಕೊಮ್ಮೆ ಬೆಳ್ಳಿ ಉಜ್ಜುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ. ಆಗ ಕೆಲವು ವಿನ್ಯಾಸಕಾರರು ಸ್ಟೀಲನ್ನು ಸ್ಟೀಲಾಗಿಯೇ ನೋಡಿದರು. ಅದು ಬೆಳ್ಳಿಗಿಂತ ಗಟ್ಟಿ. ಹಾಗಾಗಿ ಹಿಡಿ ಸಣ್ಣಗಿದ್ದರೂ ಬಾಗುವುದಿಲ್ಲ. ಹೊಳಪಿಗಿಂತ ಮಂಕು ಮೈ ಅದಕ್ಕೆ ಚೆನ್ನಾಗಿ ಒಪ್ಪುತ್ತೆ.

ನನ್ನ ಹತ್ತಿರ ಇರುವುದು ಸ್ಟೀಲೋ, ಬೆಳ್ಳಿಯೋ?

ಹಿಂದೆ ತಿರುಗಿಸಿ. ‘ಇಪಿಎನ್‌ಎಸ್’ ಅಂತ ಇಂಗ್ಲಿಷ್ ಅಕ್ಷರ ಇದ್ದರೆ ಅದು ಬೆಳ್ಳಿ ಲೇಪ. ಒಳಗಿರುವುದು ತಾಮ್ರ, ಸತು, ನಿಕ್ಕಲ್ ಸೇರಿದ ‘ನಿಕ್ಕಲ್ ಸಿಲ್ವರ್’ ಅನ್ನುವ ಲೋಹ. ಹೆಸರಿನಲ್ಲಿ ‘ಸಿಲ್ವರ್’ ಇದ್ದರೂ ಒಳಗೆ ಬೆಳ್ಳಿ ಇಲ್ಲ. ಚಮಚ ಮೇಜಿಗೆ ತಾಗುವ ಜಾಗದಲ್ಲಿ ಲೇಪ ಸವೆದು ಹಳದಿ ಛಾಯೆ ಕಾಣುತ್ತಿದ್ದರೆ ಅನುಮಾನವೇ ಬೇಡ. 925 ಅಥವಾ 800 ಅಂತ ಇದ್ದರೆ ನಿಜವಾದ ಬೆಳ್ಳಿ. ಜರ್ಮನ್ ಮಾಲಿನ ಮೇಲೆ 90 ಅಥವಾ 100 ಅಂತ ಸಂಖ್ಯೆ ಕಂಡರೆ ಅದು ಲೇಪಕ್ಕೆ ಹಾಕಿದ ಬೆಳ್ಳಿಯ ಲೆಕ್ಕ, ಶುದ್ಧತೆಯ ಲೆಕ್ಕ ಅಲ್ಲ. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ.

ಮುದ್ರೆ ಅಳಿಸಿಹೋಗಿದ್ದರೆ ಬಿಸಿ ಬಿಸಿ ಕಾಫಿಯಲ್ಲಿ ಚಮಚ ನಿಲ್ಲಿಸಿ. ಗಟ್ಟಿ ಬೆಳ್ಳಿಯಾದರೆ ಹಿಡಿ ಕ್ಷಣದಲ್ಲಿ ಸುಡುತ್ತೆ. ಸ್ಟೀಲು ತಣ್ಣಗೇ ಇರುತ್ತೆ.

ಮ್ಯಾಗ್ನೆಟ್ ಅಂಟಿದರೆ ಕಳಪೆ, ಅಂಟದಿದ್ದರೆ ಒಳ್ಳೇದು, ನಿಜವಾ?

ಅರ್ಧ ನಿಜ. ನಿಕ್ಕಲ್ ಇರುವ 18/8 ಜಾತಿಗೆ (ಈ ಅಂಕಿಯ ಅರ್ಥ ಮುಂದಿನ ಪ್ರಶ್ನೆಯಲ್ಲಿದೆ) ಮ್ಯಾಗ್ನೆಟ್ ಅಂಟುವುದಿಲ್ಲ. ಬರೀ ಕ್ರೋಮಿಯಂ ಇರುವುದಕ್ಕೆ ಅಂಟುತ್ತೆ. ಆದರೆ ಮೂರು ವಿಷಯ ಗೊತ್ತಿರಲಿ.

ಚಾಕುವಿನ ಅಲಗಿಗೆ ಯಾವಾಗಲೂ ಅಂಟಬೇಕು. ಹರಿತ ನಿಲ್ಲಬೇಕಾದರೆ ಬೇಕಾಗುವ ಗಟ್ಟಿ ಉಕ್ಕೇ ಬೇರೆ ಜಾತಿ. ಅಲಗಿಗೆ ಅಂಟಿತು ಅಂತ ಒಳ್ಳೇ ಸೆಟ್ ಬಿಟ್ಟುಬಂದವರನ್ನು ನೋಡಿದ್ದೇನೆ. ಎರಡನೆಯದು, 18/8 ಆದರೂ ಒತ್ತಿ ಬಾಗಿಸಿದ ಕತ್ತಿನ ಹತ್ತಿರ ಮ್ಯಾಗ್ನೆಟ್ ಸಣ್ಣಗೆ ಎಳೆಯಬಹುದು. ಗಾಬರಿ ಬೇಡ. ಮೂರನೆಯದು ನಮ್ಮವರಿಗೇ ಬೇಕಾದದ್ದು. ಅಂಟಲಿಲ್ಲ ಅಂದ ತಕ್ಷಣ 18/8 ಅಂತ ಅಲ್ಲ. ಭಾರತದ ಪಾತ್ರೆ ಅಂಗಡಿಗಳಲ್ಲಿ ಸಿಗುವ ಎಷ್ಟೋ ಸ್ಟೀಲು 200 ಸರಣಿಯದ್ದು. ಅದರಲ್ಲಿ ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅದಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. ಬೆಳ್ಳಿ ಲೇಪದ್ದಕ್ಕೂ ಅಂಟುವುದಿಲ್ಲ.

18/8, 18/10 ಅಂದರೇನು?

ಮೊದಲ ಅಂಕಿ ಕ್ರೋಮಿಯಂ ಶೇಕಡ ಎಷ್ಟು ಅಂತ, ಎರಡನೆಯದು ನಿಕ್ಕಲ್. ಊಟದ ಮೇಜಿನಲ್ಲಿ 8ಕ್ಕೂ 10ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. 1950-60ರ ಒಳ್ಳೇ ಮಾಲಿನ ಮೇಲೆ ಸಾಮಾನ್ಯವಾಗಿ 18/8 ಇರುತ್ತೆ. 18/0 ಅಥವಾ 13/0 ಅಂದರೆ ನಿಕ್ಕಲ್ ಇಲ್ಲ. ಹಾಗಂತ ಅದು ತಿಪ್ಪೆಗೆ ಹಾಕುವಂಥದ್ದೇನಲ್ಲ. ಕೊರಿಯಾ ಯುದ್ಧದ ವರ್ಷಗಳಲ್ಲಿ ಅಮೆರಿಕದಲ್ಲಿ ನಿಕ್ಕಲ್ ಯುದ್ಧಕ್ಕೆ ಮೀಸಲಾಗಿತ್ತು. ಚಮಚ ಮಾಡುವವರು ಇದ್ದುದರಲ್ಲೇ ಮಾಡಿದರು.

ಹಿಂಭಾಗದ ಮುದ್ರೆ ಓದುವುದು ಹೇಗೆ?

ನಮ್ಮ ಮನೆ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತೇವಲ್ಲ, ಯಾರ ಮದುವೆಗೆ ಯಾರು ಕೊಟ್ಟಿದ್ದು, ಯಾವ ತಾರೀಖು ಅಂತ? ಇದೂ ಹಾಗೇ, ಆದರೆ ಇಲ್ಲಿ ಕೊರೆದಿರುವುದು ಮಾಡಿದವರ ಹೆಸರು. ಭೂತಗನ್ನಡಿ ಇಟ್ಟುಕೊಳ್ಳಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಮಸುಕಾದ ಅಕ್ಷರವೂ ಎದ್ದು ಕಾಣುತ್ತೆ.

ಮೊದಲು ‘ಸ್ಟೇನ್‌ಲೆಸ್’ ಅನ್ನುವ ಪದ ಯಾವ ಭಾಷೆಯಲ್ಲಿದೆ ನೋಡಿ. ‘ರಾಸ್ಟ್‌ಫ್ರೈ’ ಅಂದರೆ ಜರ್ಮನ್. ‘ರೋಸ್ಟ್‌ಫ್ರಿಟ್’ ಸ್ವೀಡನ್, ‘ರುಸ್ಟ್‌ಫ್ರಿಟ್’ ಡೆನ್ಮಾರ್ಕ್ ಅಥವಾ ನಾರ್ವೆ. ‘ಇನಾಕ್ಸ್’ ಅಂದರೆ ಫ್ರಾನ್ಸ್ ಅಥವಾ ಇಟಲಿ ಕಡೆಯದ್ದು. ‘ಕ್ರೋಮಾರ್ಗನ್’ ಅಂತ ಇದ್ದರೆ ಅದು ಜರ್ಮನಿಯ ಡಬ್ಲ್ಯೂಎಂಎಫ್ ಕಂಪನಿ ತನ್ನ ಸ್ಟೀಲಿಗೆ ಇಟ್ಟ ಹೆಸರು. ‘ಸ್ಟೇಬ್ರೈಟ್’ ಅಂತ ಇದ್ದರೆ ಶೆಫೀಲ್ಡ್‌ನ ಫರ್ತ್ ಕಂಪನಿಯ 18/8.

ಆಮೇಲೆ ದೇಶ. ಕಾಲ ಹಿಡಿಯಲು ಇದು ಬಲು ಉಪಕಾರಿ. ‘ಆಕ್ಯುಪೈಡ್ ಜಪಾನ್’ ಅಂತ ಇದ್ದರೆ 1947ರಿಂದ 1952ರ ಒಳಗಿನದ್ದು. ‘ವೆಸ್ಟ್ ಜರ್ಮನಿ’ ಇದ್ದರೆ 1949ರ ನಂತರ, 1990ಕ್ಕೆ ಮುಂಚೆ. ಬರೀ ‘ಜರ್ಮನಿ’ ಇದ್ದರೆ ಅದಕ್ಕೂ ಮುಂಚಿನದ್ದೋ, ಆಮೇಲಿನದ್ದೋ ಇರಬಹುದು.

ಇಸವಿ ಮಾತ್ರ ಮುದ್ರೆಯಲ್ಲಿ ಹುಡುಕಬೇಡಿ. ಇಂಗ್ಲೆಂಡಿನ ಬೆಳ್ಳಿಗೆ ವರ್ಷಕ್ಕೊಂದು ಅಕ್ಷರ ಒತ್ತುವ ಪದ್ಧತಿ ಇದೆ. ಸ್ಟೀಲಿಗೆ ಆ ಭಾಗ್ಯ ಇಲ್ಲ.

ಯಾವ ಹೆಸರು ಕಂಡರೆ ನಿಂತು ನೋಡಬೇಕು?

ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ನಾನಿರುವ ಜಾಗದಿಂದಾಗಿ ನನಗೆ ಇಂಗ್ಲೆಂಡಿನವರೇ ಇಷ್ಟ.

ಡೇವಿಡ್ ಮೆಲ್ಲರ್ ಶೆಫೀಲ್ಡ್‌ನವರು. 1953ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ‘ಪ್ರೈಡ್’ ಅನ್ನುವ ವಿನ್ಯಾಸ ಮಾಡಿದರು. ವಾಕರ್ ಅಂಡ್ ಹಾಲ್ ಕಂಪನಿ ಅದನ್ನು ಬೆಳ್ಳಿ ಲೇಪದಲ್ಲಿ ತಂದಿತು, 1957ರಲ್ಲಿ ಡಿಸೈನ್ ಸೆಂಟರ್ ಪ್ರಶಸ್ತಿ ಬಂತು. 1960ರ ದಶಕದ ಶುರುವಿನಲ್ಲಿ ಅದೇ ಕಂಪನಿಗೆ ಸ್ಟೀಲಿನಲ್ಲೇ ‘ಸಿಂಬಲ್’ ಮಾಡಿಕೊಟ್ಟರು. ಹಳೇ ಸಾಮಾನಿನ ಬುಟ್ಟಿಯಲ್ಲಿ ಈಗಲೂ ಸಿಂಬಲ್ ಸಿಗುತ್ತೆ. ಬ್ರಿಟನ್ನಿನ ರಸ್ತೆಯ ಟ್ರಾಫಿಕ್ ದೀಪದ ವಿನ್ಯಾಸವೂ ಇದೇ ಮನುಷ್ಯನದ್ದು.

ಆದರೆ ನನಗೆ ಅವರ ಕೆಲಸದಲ್ಲಿ ತೀರಾ ಹಿಡಿಸಿದ್ದು ‘ತ್ರಿಫ್ಟ್’. 1965ರಲ್ಲಿ ಸರ್ಕಾರ ಆಸ್ಪತ್ರೆ, ಜೈಲು, ಕ್ಯಾಂಟೀನುಗಳಿಗೆ ಒಂದು ಕಟ್ಲರಿ, ಅಂದರೆ ಚಮಚ-ಫೋರ್ಕ್-ಚಾಕುವಿನ ಸೆಟ್, ಬೇಕು ಅಂತ ಕೇಳಿತು. ಅಲ್ಲಿ ತನಕ ಒಬ್ಬರ ಸೆಟ್ ಅಂದರೆ ಹನ್ನೊಂದು ತುಂಡು. ಮೀನಿಗೆ ಬೇರೆ ಚಾಕು, ಸೂಪಿಗೆ ಬೇರೆ ಚಮಚ. ಮೆಲ್ಲರ್ ಅದನ್ನು ಐದಕ್ಕೆ ಇಳಿಸಿದರು. ಒಂದೇ ಚಮಚ ಸೂಪಿಗೂ ಆಗಲಿ, ಪುಡ್ಡಿಂಗಿಗೂ ಆಗಲಿ ಅಂತ. ಕೈದಿಗೂ ಅಧಿಕಾರಿಗೂ ಒಂದೇ ಚಮಚ. ನನ್ನ ಹತ್ತಿರ ತ್ರಿಫ್ಟ್‌ನ ಒಂದು ಫೋರ್ಕ್ ಇದೆ, ಒಂದು ಪೌಂಡ್ ಕೊಟ್ಟಿದ್ದು. ನೋಡಲು ಏನೇನೂ ಇಲ್ಲ. ಕೈಯಲ್ಲಿ ಹಿಡಿದರೆ ಮಾತ್ರ ಕೆಳಗಿಡಲು ಮನಸ್ಸು ಬರುವುದಿಲ್ಲ.

ರಾಬರ್ಟ್ ವೆಲ್ಚ್ ಇನ್ನೊಬ್ಬರು. ಚಿಪಿಂಗ್ ಕ್ಯಾಂಪ್ಡನ್ ಅನ್ನುವ ಹಳ್ಳಿಯಂಥ ಊರಲ್ಲಿ, ಹಳೇ ರೇಷ್ಮೆ ಗಿರಣಿಯೊಂದರ ಮಹಡಿಯಲ್ಲಿ 1955ರಿಂದ ಕೆಲಸ ಶುರುಮಾಡಿದರು. ಬ್ಲಾಕ್ಸ್‌ವಿಚ್‌ನ ‘ಓಲ್ಡ್ ಹಾಲ್’ ಕಂಪನಿಗೆ ಅವರು ಮಾಡಿಕೊಟ್ಟ ‘ಆಲ್‌ವೆಸ್ಟನ್’ಗೆ 1965ರಲ್ಲಿ ಪ್ರಶಸ್ತಿ ಬಂತು. ಓಲ್ಡ್ ಹಾಲ್‌ನವರ ಟೀ ಪಾಟ್, ಟೋಸ್ಟ್ ಸ್ಟ್ಯಾಂಡ್ ಆ ಕಾಲದ ಮದುವೆ ಉಡುಗೊರೆ, ನಮ್ಮಲ್ಲಿ ಸ್ಟೀಲ್ ಬಿಂದಿಗೆ ಕೊಟ್ಟ ಹಾಗೆ. ಮುದ್ರೆಯಲ್ಲಿ ‘ಓಲ್ಡ್’ ಪದದ ಕೊನೆಗೆ ಇಂಗ್ಲಿಷಿನ ‘ಇ’ ಅಕ್ಷರ ಇದ್ದರೆ 1950ರ ದಶಕ ಅಥವಾ ಅದಕ್ಕೂ ಮುಂಚಿನದ್ದು. ಕಂಪನಿ 1984ರಲ್ಲಿ ಮುಚ್ಚಿತು.

‘ವೈನರ್ಸ್’ ಕಂಪನಿಯ ‘ಸ್ಟುಡಿಯೋ’ ಗುರುತಿಸುವುದು ಸುಲಭ. ಹಿಡಿ ಮೇಲೆ ಮರದ ತೊಗಟೆಯಂಥ ಒರಟು ಮೈ. ಜೆರಾಲ್ಡ್ ಬೆನ್ನಿ ಅವರ ವಿನ್ಯಾಸ, 1960ರ ದಶಕದ್ದು. ಬೆಳ್ಳಿ ಬಡಿಯುವಾಗ ಹಾಳಾದ ಸುತ್ತಿಗೆಯೊಂದು ಕೈಗೆ ಸಿಕ್ಕಿ ಆ ತೊಗಟೆ ಮೈ ಹುಟ್ಟಿತು ಅನ್ನುತ್ತಾರೆ. ನೋಡಲು ಚಂದ, ತೊಳೆಯಲು ಬೇಜಾರು.

ಉತ್ತರ ಯುರೋಪಿನ ಕಡೆ ಹೋದರೆ ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಯಾಕೋಬ್ಸನ್ ಅವರ ‘ಎಜೆ’ ಎಲ್ಲರಿಗೂ ಗೊತ್ತಿರುವುದು. 1957ರದ್ದು. ಕೋಪನ್‌ಹೇಗನ್‌ನ ಎಸ್‌ಎಎಸ್ ಹೋಟೆಲಿನ ಕಟ್ಟಡ, ಕುರ್ಚಿ, ದೀಪ ಎಲ್ಲವನ್ನೂ ಮಾಡಿದವರು ಚಮಚವನ್ನು ಬಿಡುತ್ತಾರಾ? ಒಂದೇ ತಗಡಿನಲ್ಲಿ ಕೊರೆದ ಹಾಗೆ ಕಾಣುತ್ತೆ. ಮುಳ್ಳು ಗಿಡ್ಡ, ಬಟ್ಟಲು ಸಣ್ಣದು. ಸೂಪಿನ ಚಮಚದಲ್ಲಿ ಎಡಗೈಗೆ ಬೇರೆ, ಬಲಗೈಗೆ ಬೇರೆ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ಗಗನಯಾತ್ರಿಗಳು ಉಣ್ಣುವುದು ಇದರಲ್ಲೇ. ಭವಿಷ್ಯದ ಚಮಚ ಅಂತ ತೋರಿಸಲು ಹತ್ತು ವರ್ಷ ಹಳೇದು ಸಾಕಾಯಿತು.

ಸ್ವೀಡನ್‌ನ ಎಸ್ಕಿಲ್‌ಸ್ಟುನಾ ಊರಿನ ಗೆನ್ಸೆ ಕಂಪನಿಯ ‘ಫೋಕಸ್ ಡಿ ಲಕ್ಸ್’ ನೋಡಿದರೆ ಬಿಡಬೇಡಿ. ಫೋಲ್ಕೆ ಆರ್‌ಸ್ಟ್ರಾಮ್ ಮಾಡಿದ್ದು, ಕಪ್ಪು ನೈಲಾನ್ ಹಿಡಿ, ಸಣ್ಣ ಮುಳ್ಳು. ಫಿನ್ಲೆಂಡಿನ ಹಾಕ್ಮನ್‌ಗೆ ಕಾಯ್ ಫ್ರಾಂಕ್ ಮಾಡಿದ ‘ಸ್ಕ್ಯಾಂಡಿಯಾ’, ನಾರ್ವೆಯ ಟೀಯಾಸ್ ಎಕ್ಹಾಫ್ ಅವರ 1961ರ ‘ಮಾಯಾ’, ಇವೂ ದಿನಬಳಕೆಗೆ ಹೇಳಿ ಮಾಡಿಸಿದಂಥವು. ಜರ್ಮನಿಯ ಜೋಲಿಂಗನ್‌ನ ಪಾಟ್ ಕಂಪನಿಯ ಮಾಲು ಸಿಕ್ಕರೆ ಮುಳ್ಳಿನ ಸಂದಿ ನೋಡಿ, ಕೆಲಸ ಅಂದರೆ ಏನು ಅಂತ ಗೊತ್ತಾಗುತ್ತೆ.

‘ಜಪಾನ್’ ಅಂತ ಇದ್ದರೆ ಅಗ್ಗದ್ದಲ್ವಾ?

ಹಾಗೆ ಹೇಳಿ ಎಷ್ಟೋ ಜನ ಒಳ್ಳೇ ಮಾಲು ಬಿಟ್ಟು ಬರುತ್ತಾರೆ. ಬಿಡಲಿ ಬಿಡಿ, ನಮಗೆ ಸಿಗುತ್ತೆ.

ಜಪಾನಿನ ಕಟ್ಲರಿ ಅಂದರೆ ಬಹುಪಾಲು ನೀಗಾತಾ ಪ್ರಾಂತ್ಯದ ತ್ಸುಬಾಮೆ ಅನ್ನುವ ಊರು. ಪಕ್ಕದ ಶಿನಾನೊ ನದಿ ಉಕ್ಕಿ ಬೆಳೆ ಹಾಳಾಗುತ್ತಿದ್ದಾಗ ರೈತರು ಉಪಕಸುಬಾಗಿ ಮೊಳೆ ಬಡಿಯಲು ಕಲಿತರು. ಆಮೇಲೆ ತಾಮ್ರದ ಪಾತ್ರೆ, ಹೊಗೆ ಸೇದುವ ಕೊಳವೆ. ಯಂತ್ರದ ಮೊಳೆ ಬಂದು ಕೈಮೊಳೆಗೆ ಗಿರಾಕಿ ಇಲ್ಲವಾಯಿತು. ಅದೇ ಕೈಗಳು 1910ರ ದಶಕದಲ್ಲಿ ಚಮಚ, ಫೋರ್ಕಿಗೆ ತಿರುಗಿದವು. 1950ರ ದಶಕದಲ್ಲಿ ಅಮೆರಿಕಕ್ಕೆ ಎಷ್ಟು ಮಾಲು ಹೋಯಿತು ಅಂದರೆ ಅಲ್ಲಿನ ಕಾರ್ಖಾನೆಯವರು ದೂರು ಕೊಟ್ಟು, 1959ರಲ್ಲಿ ಸರ್ಕಾರ ಮಿತಿ ಹಾಕಿ, ಮೀರಿದರೆ ಜಾಸ್ತಿ ಸುಂಕ ಅಂದಿತು. ಒಂದು ಊರಿನ ಚಮಚಕ್ಕೆ ಅಷ್ಟು ಹೆದರಿಕೆ!

ಆಗ ಜಪಾನಿನಲ್ಲಿ ಯುರೋಪಿನ ವಿನ್ಯಾಸ ಕದ್ದು ಮಾಡುತ್ತಿದ್ದುದೂ ನಿಜ. ಬೇರೆ ದೇಶದವರು ಗಲಾಟೆ ಮಾಡಿದ ಮೇಲೆ 1957ರಲ್ಲಿ ಸ್ವಂತ ವಿನ್ಯಾಸಕ್ಕೆ ಮನ್ನಣೆ ಕೊಡುವ ‘ಜಿ ಮಾರ್ಕ್’ ಶುರುವಾಯಿತು. ಹಾಗಾಗಿ ‘ಜಪಾನ್’ ಮುದ್ರೆಯಲ್ಲಿ ಜೊಳ್ಳೂ ಇದೆ, ಗಟ್ಟಿಯೂ ಇದೆ. ಸಂದಿ ನೋಡಿ, ಅಂಚು ಮುಟ್ಟಿ. ನೊಬೆಲ್ ಔತಣದ ಮೇಜಿಗೆ 1991ರಲ್ಲಿ ಬಂದ ಕಟ್ಲರಿ ತಯಾರಾಗಿದ್ದೂ ಇದೇ ತ್ಸುಬಾಮೆಯಲ್ಲಿ.

ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ಏನು ಹುಡುಕಲಿ?

ಮನೆ ಖಾಲಿ ಮಾಡುವಾಗ ನಡೆಯುವ ಮಾರಾಟಗಳಲ್ಲಿ ‘ಡಾನ್ಸ್ಕ್’ ಹುಡುಕಿ. 1954ರಲ್ಲಿ ನ್ಯೂಯಾರ್ಕಿನ ಟೆಡ್ ಮತ್ತು ಮಾರ್ತಾ ನೀರನ್‌ಬರ್ಗ್ ದಂಪತಿ ಕೋಪನ್‌ಹೇಗನ್‌ಗೆ ಹೋಗಿದ್ದರು. ಅಲ್ಲಿನ ಮ್ಯೂಸಿಯಂನಲ್ಲಿ ತೇಗದ ಹಿಡಿಯ ಸ್ಟೀಲ್ ಕಟ್ಲರಿ ಕಂಡರು. ಮಾಡಿದವರು ಯೆನ್ಸ್ ಕ್ವಿಸ್ಟ್‌ಗಾರ್ಡ್. ಇದು ಕೈಯಲ್ಲಿ ಮಾಡುವಂಥದ್ದು, ಕಾರ್ಖಾನೆಯಲ್ಲಿ ಆಗುವುದಿಲ್ಲ ಅಂದರು. ಟೆಡ್ ಒಪ್ಪಿಸಿ ಡಾನ್ಸ್ಕ್ ಕಂಪನಿ ಕಟ್ಟಿಯೇ ಬಿಟ್ಟರು. ಆ ಕಟ್ಲರಿಯೇ ‘ಫ್ಯೋರ್ಡ್’. ಹಳೇದರ ಮೇಲೆ ಕ್ವಿಸ್ಟ್‌ಗಾರ್ಡ್ ಅವರ ಇನಿಷಿಯಲ್ ‘ಐಎಚ್‌ಕ್ಯೂ’ ಇರುತ್ತೆ.

ಇನ್ನು ಒನೈಡಾ ಕಂಪನಿ. ಇದರ ಕಥೆ ಕೇಳಿದರೆ ನಗು ಬರುತ್ತೆ. 1848ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜಾನ್ ಹಂಫ್ರಿ ನೋಯ್ಸ್ ಕಟ್ಟಿದ ಧಾರ್ಮಿಕ ಕೂಡುಜೀವನದ ಗುಂಪು ಅದು. ಆಸ್ತಿ ಎಲ್ಲರದ್ದು, ಮದುವೆಯೂ ಎಲ್ಲರಿಗೂ ಎಲ್ಲರ ಜೊತೆ. ಹೊಟ್ಟೆಪಾಡಿಗೆ ಪ್ರಾಣಿ ಹಿಡಿಯುವ ಬೋನು ಮಾಡುತ್ತಿದ್ದರು, ಆಮೇಲೆ ಚಮಚ. ಗುಂಪು ಒಡೆದು 1881ರಲ್ಲಿ ಕಂಪನಿಯಾಯಿತು. ಕೊನೆಗೆ ಅಮೆರಿಕದ ಗೃಹಸ್ಥರ ಊಟದ ಮೇಜಿಗೆಲ್ಲ ಚಮಚ ಕೊಟ್ಟವರು ಇವರೇ. ಅವರ ‘ಕಮ್ಯುನಿಟಿ’ ಅನ್ನುವ ಮುದ್ರೆಯ ಹಿಂದೆ ಇಷ್ಟೆಲ್ಲ ಇದೆ. ಸೊಗಸಿನಲ್ಲಿ ಯುರೋಪಿನದ್ದಕ್ಕೆ ಸಮ ಅಲ್ಲ, ಆದರೆ ಗಟ್ಟಿಮುಟ್ಟು.

ಹಳೇದೋ, ಈಗಿನದೋ ಹೇಗೆ ಗೊತ್ತಾಗುತ್ತೆ?

ನಕಲಿ ಕಮ್ಮಿ, ಮರುತಯಾರಿ ಜಾಸ್ತಿ. ಎಜೆ ಈಗ ಜಾರ್ಜ್ ಜೆನ್ಸನ್ ಹೆಸರಲ್ಲಿ ಬರುತ್ತೆ. ಹಳೇದರ ಮೇಲೆ ‘ಎ. ಮಿಕೆಲ್ಸನ್’ ಅಂತ ಇರುತ್ತೆ. ಮೆಲ್ಲರ್ ಅವರ ಪ್ರೈಡ್ ಇವತ್ತಿಗೂ ಶೆಫೀಲ್ಡ್ ಪಕ್ಕದ ಹ್ಯಾದರ್ಸೇಜ್‌ನಲ್ಲಿ, ಹಳೇ ಗ್ಯಾಸ್ ಟ್ಯಾಂಕಿನ ಬುನಾದಿ ಮೇಲೆ ಕಟ್ಟಿದ ದುಂಡನೆ ಕಾರ್ಖಾನೆಯಲ್ಲಿ ತಯಾರಾಗುತ್ತೆ. ಊಟಕ್ಕೆ ಅಂತಾದರೆ ಹೊಸದನ್ನೇ ಕೊಳ್ಳಿ, ಅದರಲ್ಲಿ ಕೀಳೇನಿಲ್ಲ. ಹೊಸದನ್ನು ಹಳೇದು ಅಂತ ಮಾರುವವರ ಹತ್ತಿರ ಮಾತ್ರ ಹುಷಾರು.

ಕೊಳ್ಳುವಾಗ ಯಾವ ದೋಷ ನೋಡಬೇಕು?

ಚಾಕುವಿನಿಂದ ಶುರುಮಾಡಿ. ಸೆಟ್‌ನಲ್ಲಿ ಮೊದಲು ಸಾಯುವುದು ಅದೇ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಗಲಗಲ ಅಂದರೆ ಟೊಳ್ಳು ಹಿಡಿಯೊಳಗಿನ ಅಂಟು ಬಿಟ್ಟಿದೆ. ಅಲಗಿನ ಮೇಲೆ ಸಾಸಿವೆಯಷ್ಟು ಕಪ್ಪು ಗುಳಿ ಇದ್ದರೆ ತುಕ್ಕು ಒಳಗೆ ತಿಂದಿದೆ. ಅದು ಯಾವ ಪಾಲಿಶ್‌ಗೂ ಹೋಗುವುದಿಲ್ಲ.

ಫೋರ್ಕುಗಳನ್ನು ಒಂದರ ಮೇಲೊಂದು ಜೋಡಿಸಿ ನೋಡಿ. ಸರಿಯಾಗಿ ಕೂರದಿದ್ದರೆ ಯಾವುದೋ ಬಾಗಿದೆ. ಚಮಚದ ಎಡ ಅಂಚು ಸವೆದಿದ್ದರೆ ಯಾರೋ ಬಲಗೈಯವರು ಮೂವತ್ತು ವರ್ಷ ಪಾತ್ರೆ ತಳ ಕೆರೆದಿದ್ದಾರೆ. ಅಂಥದ್ದನ್ನು ನಾನು ಬಿಡುವುದಿಲ್ಲ, ಮಾರುವವರು ದೋಷ ಅಂತ ಬೆಲೆ ಇಳಿಸುತ್ತಾರೆ.

ತುಂಬಾ ಗೀರು ಬಿದ್ದಿದೆ. ಪಾಲಿಶ್ ಮಾಡಿಸಲಾ?

ಬೇಡ. ಮಂಕು ಮೈಯ ಸ್ಟೀಲಿಗೆ ಕನ್ನಡಿ ಹೊಳಪು ಕೊಟ್ಟರೆ ಅದರ ಮುಖವೇ ಹೋಗುತ್ತೆ. ಸಾವಿರ ಸಣ್ಣ ಗೀರು ಸೇರಿದರೆ ಅದೇ ಒಂದು ಮೃದು ಹೊಳಪು.

ತೊಳೆಯುವುದು ಹೇಗೆ?

ಬಿಸಿನೀರು, ಪಾತ್ರೆ ಸೋಪು, ಮೆತ್ತನೆ ಸ್ಪಂಜು, ತಕ್ಷಣ ಒರೆಸುವುದು. ಮುಗಿಯಿತು. ಬೂದಿ, ಸ್ಟೀಲ್ ನಾರು ಎರಡೂ ಬೇಡ. ನಮ್ಮಜ್ಜಿ ಬೂದಿ ಹಾಕಿ ಉಜ್ಜಿದ ತಟ್ಟೆ ಫಳಫಳ ಅನ್ನುತ್ತಿತ್ತು, ನಿಜ. ಆದರೆ ಒಂದೇ ದಿಕ್ಕಿಗೆ ಎಳೆದ ಮಂಕು ಮೈ ಮೇಲೆ ದುಂಡಗೆ ಉಜ್ಜಿದರೆ ಕೆಟ್ಟದಾಗಿ ಕಾಣುತ್ತೆ.

ಹುಣಸೆಹುಳಿಗೆ ಹೆದರಬೇಡಿ. ಹೆದರಬೇಕಾದ್ದು ಉಪ್ಪಿಗೆ. ಉಪ್ಪಿನಕಾಯಿ ಚಮಚವನ್ನು ಜಾಡಿಯಲ್ಲೇ ಬಿಟ್ಟರೆ 18/8 ಕೂಡ ಗುಳಿ ಬೀಳುತ್ತೆ. ಕಾಮನಬಿಲ್ಲಿನ ಬಣ್ಣದ ಕಲೆ ಬಂದರೆ ಸ್ವಲ್ಪ ವಿನಿಗರ್ ಹಾಕಿ ಒರೆಸಿ. ಬೆಳ್ಳಿ ಅದ್ದಿ ತೆಗೆಯುವ ದ್ರಾವಣ ಸ್ಟೀಲಿಗೆ ತಾಗಿಸಬೇಡಿ, ಕಲೆ ಬೀಳುತ್ತೆ.

ಡಿಶ್‌ವಾಷರ್? ಸಾದಾ ಸ್ಟೀಲ್ ಚಮಚ, ಫೋರ್ಕಿಗೆ ನಡೆಯುತ್ತೆ. ಟೊಳ್ಳು ಹಿಡಿಯ ಹಳೇ ಚಾಕು, ನೈಲಾನ್, ಮರದ ಹಿಡಿ ಇರುವುದಕ್ಕೆ ಖಂಡಿತ ಬೇಡ.

ತೇಗದ ಹಿಡಿ ಒಣಗಿ ಬೆಳ್ಳಗಾಗಿದೆ. ಏನು ಮಾಡಲಿ?

ಮೊದಲು ನಾನು ಮಾಡಿದ್ದನ್ನು ಹೇಳುತ್ತೇನೆ, ನೀವು ಅದನ್ನು ಮಾಡಬೇಡಿ. ನನ್ನ ಮೊದಲ ಫ್ಯೋರ್ಡ್ ಚಾಕುವಿನ ಹಿಡಿ ಜಿಡ್ಡಾಗಿತ್ತು. ರಾತ್ರಿ ಸೋಪು ನೀರಲ್ಲಿ ನೆನೆಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮರ ಉಬ್ಬಿ, ಸ್ಟೀಲ್ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಒಣಗಿದಾಗ ಬಿರುಕು ಉಗುರು ತೂರುವಷ್ಟು ಅಗಲವಾಯಿತು. ಆ ಚಾಕು ಈಗ ಪಾರ್ಸೆಲ್ ಬಿಚ್ಚಲು ಇದೆ.

ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಒಣಗಲು ಬಿಡಿ. ಆಮೇಲೆ ಮರದ ಮಣೆಗೆ ಹಚ್ಚುವ ಮಿನರಲ್ ಆಯಿಲ್ ಎರಡು ಹನಿ ಬೆರಳಲ್ಲಿ ತೀಡಿ. ಅರ್ಧ ಗಂಟೆ ಬಿಟ್ಟು ಒರೆಸಿಬಿಡಿ. ಅಡುಗೆ ಎಣ್ಣೆ ಬೇಡ, ಅಂಟಂಟಾಗಿ ಕಮಟು ವಾಸನೆ ಬರುತ್ತೆ.

ನಮ್ಮ ಊಟಕ್ಕೆ ಇವು ಆಗುತ್ತವಾ?

ಆಗುತ್ತವೆ, ಆದರೆ ಆರಿಸಿಕೊಳ್ಳಬೇಕು. ಮೊಸರನ್ನಕ್ಕೆ, ಬಿಸಿಬೇಳೆಬಾತಿಗೆ ಬಟ್ಟಲು ಆಳ ಇರುವ ಡೆಸರ್ಟ್ ಚಮಚ ಬೇಕು. ಮೆಲ್ಲರ್, ವೆಲ್ಚ್ ಇಬ್ಬರದ್ದೂ ಆಗುತ್ತೆ. ಎಜೆ ಚಮಚದಲ್ಲಿ ಸಾರು ಕುಡಿಯಲು ಹೋದರೆ ಸಂಜೆಯಾಗುತ್ತೆ. ಬಡಿಸುವ ದೊಡ್ಡ ಚಮಚಗಳು ಪಲ್ಯಕ್ಕೆ ಒಳ್ಳೇದು. ಸೂಪಿನ ದುಂಡು ಚಮಚದಲ್ಲಿ ಅಮ್ಮ ತುಪ್ಪ ಬಡಿಸಲು ಶುರುಮಾಡಿದರು. ಅಲ್ಲಿಂದ ನಮ್ಮನೆಯಲ್ಲಿ ಅದರ ಹೆಸರು ತುಪ್ಪದ ಚಮಚ. ದೋಸೆಗೆ ಫೋರ್ಕ್ ಹಾಕುವವರ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ.

ಸೆಟ್ ಪೂರ್ತಿ ಇಲ್ಲದಿದ್ದರೆ ಕೊಳ್ಳಬಹುದಾ?

ಖಂಡಿತ. ಪೆಟ್ಟಿಗೆ ಸಮೇತ ಪೂರ್ತಿ ಸೆಟ್ ಅಂದರೆ ಸಾಮಾನ್ಯವಾಗಿ ಯಾರೂ ಬಳಸದೆ ಇಟ್ಟಿದ್ದು. ಅದಕ್ಕೆ ಬೆಲೆಯೂ ಜಾಸ್ತಿ. ಬಿಡಿ ಬಿಡಿಯಾಗಿ ಸೇರಿಸುವುದರಲ್ಲಿ ಬೇರೆಯೇ ಸುಖ ಇದೆ.

ಊರಿಗೆ ಬರುವಾಗ ತರಬಹುದಾ?

ಚಮಚ ಎಲ್ಲಿ ಬೇಕಾದರೂ ಇಡಿ. ಫೋರ್ಕ್, ಚಾಕುವನ್ನು ಚೆಕ್-ಇನ್ ಬ್ಯಾಗಿಗೇ ಹಾಕಿ. ಹೋದ ಸಲ ಬೆಂಗಳೂರಿಗೆ ಹೊರಟಾಗ ಅಕ್ಕನಿಗೆ ಅಂತ ಆರು ಬೆಣ್ಣೆ ಚಾಕು ತೆಗೆದುಕೊಂಡಿದ್ದೆ. ಐದು ಸೂಟ್‌ಕೇಸಿನಲ್ಲಿ. ಒಂದು ಮಾತ್ರ, ತೋರಿಸೋಣ ಅಂತ ಕೈಚೀಲದಲ್ಲಿ ಉಳಿದಿತ್ತು. ತಪಾಸಣೆಯವರು ಎತ್ತಿಟ್ಟುಕೊಂಡರು. "ಇದು ಬೆಣ್ಣೆ ಸವರುವುದಕ್ಕೆ, ಬೆಣ್ಣೆಯನ್ನೂ ಸರಿಯಾಗಿ ಕತ್ತರಿಸುವುದಿಲ್ಲ" ಅಂದೆ. ಕೇಳಲಿಲ್ಲ. ಅಕ್ಕನ ಸೆಟ್ ಐದಕ್ಕೆ ನಿಂತಿದೆ. ವೆಲ್ಚ್ ಆಲ್‌ವೆಸ್ಟನ್, ಬೆಣ್ಣೆ ಚಾಕು, ಒಂದು. ಯಾರ ಕಣ್ಣಿಗಾದರೂ ಬಿದ್ದರೆ ಹೇಳಿ.